ಮೂರು ಸಲ ಕ್ಯಾಪ್ಟನ್ ಹುದ್ದೆ ಬೇಡ ಅಂದ ರೈಕರ್: ‘ಸ್ಟಾರ್ ಟ್ರೆಕ್’ನ ‘ನಂಬರ್ ಒನ್’ ಯಾರು, ಅವನ ಕೆಲಸ ಏನು?

1990ರ ಜೂನ್ ತಿಂಗಳು. ಅಮೆರಿಕದ ಟಿ.ವಿ.ಯಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಮೂರನೇ ಸೀಸನ್ನಿನ ಕೊನೇ ಕಂತು. ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್‌ನನ್ನು ಶತ್ರುಗಳು ಎತ್ತಿಕೊಂಡು ಹೋಗಿದ್ದಾರೆ. ಬರೀ ಎತ್ತಿಕೊಂಡು ಹೋಗಿದ್ದಲ್ಲ, ಮೈಗೆ ಯಂತ್ರ ಜೋಡಿಸಿ ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ. ಹಡಗಿನ ದೊಡ್ಡ ಪರದೆ ಮೇಲೆ ಅದೇ ಕ್ಯಾಪ್ಟನ್ ಕಾಣಿಸಿಕೊಂಡು, ಎದುರಿಸಿ ಪ್ರಯೋಜನವಿಲ್ಲ ಅಂತಾನೆ. ಈ ಕಡೆ ನಿಂತವನು ಅವನ ಕೈಕೆಳಗೇ ಮೂರು ವರ್ಷ ದುಡಿದ ಎರಡನೇ ಅಧಿಕಾರಿ, ವಿಲಿಯಂ ರೈಕರ್. ಹಡಗಿನಲ್ಲಿರೋ ಅತಿ ದೊಡ್ಡ ಅಸ್ತ್ರ ಸಿದ್ಧವಾಗಿದೆ. ಒಂದು ಕ್ಷಣ ಆ ಮುಖ ನೋಡಿ, ಹೊಡೆಯಿರಿ ಅಂತ ಆದೇಶ ಕೊಡ್ತಾನೆ. ಅಲ್ಲಿಗೆ ‘ಮುಂದುವರಿಯುವುದು’. ಏನಾಯ್ತು ಅಂತ ತಿಳಿಯೋಕೆ ಜನ ಸೆಪ್ಟೆಂಬರ್‌ವರೆಗೆ ಕಾಯಬೇಕಾಯ್ತು.

ಸ್ಟಾರ್ ಟ್ರೆಕ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಚೂಪು ಕಿವಿಯ ಸ್ಪಾಕ್. ಅವನೂ ಎರಡನೇ ಸ್ಥಾನದವನೇ. ಆದರೆ ‘ಎರಡನೇ ಕುರ್ಚಿ’ ಅನ್ನೋದೇ ಒಂದು ಕಥೆಯಾಗಿದ್ದು ರೈಕರ್‌ನಿಂದ. ಗಲ್ಲಾ ಮೇಲೆ ಯಜಮಾನ ಕೂತಿದ್ದರೂ ಅಂಗಡಿ ನಡೆಸೋ ಇನ್ನೊಬ್ಬ ಇರ್ತಾನಲ್ಲ, ಅಂಥವನ ಕಥೆ ಇದು. ಧಾರಾವಾಹಿ ನೋಡದವರಿಗೂ ಅರ್ಥವಾಗೋ ಹಾಗೆ ಹೇಳೋ ಪ್ರಯತ್ನ ಮಾಡ್ತೀವಿ.

ಮೊದಲ ‘ನಂಬರ್ ಒನ್’ ಒಬ್ಬ ಹೆಣ್ಣುಮಗಳು

ಜೀನ್ ರಾಡನ್‌ಬೆರಿ ಅನ್ನೋ ಬರಹಗಾರ 1960ರ ದಶಕದಲ್ಲಿ ಹುಟ್ಟುಹಾಕಿದ ಧಾರಾವಾಹಿ ಸ್ಟಾರ್ ಟ್ರೆಕ್. ಎನ್‌ಬಿಸಿ ವಾಹಿನಿಗೆ ತೋರಿಸಲು ಅವರು ಮೊದಲು ತೆಗೆದ ಮಾದರಿ ಕಂತಿನಲ್ಲಿ ಕ್ಯಾಪ್ಟನ್‌ನ ಬಲಗೈ ಆಗಿದ್ದದ್ದು ಒಬ್ಬ ಮಹಿಳೆ. ಪಾತ್ರಕ್ಕೆ ಹೆಸರೇ ಇರಲಿಲ್ಲ, ‘ನಂಬರ್ ಒನ್’ ಅಂತಷ್ಟೇ ಕರೀತಿದ್ದರು. ಮೇಜಲ್ ಬ್ಯಾರೆಟ್ ಆ ಪಾತ್ರ ಮಾಡಿದ್ದರು. ವಾಹಿನಿ ಆ ಕಂತನ್ನು ಒಪ್ಪಲಿಲ್ಲ. ಎರಡನೇ ಸಲ ತೆಗೆದಾಗ ಆ ಪಾತ್ರವೇ ಮಾಯ. ಅವಳ ತಣ್ಣನೆಯ, ಲೆಕ್ಕಾಚಾರದ ಸ್ವಭಾವವನ್ನು ತೆಗೆದು ಸ್ಪಾಕ್‌ಗೆ ಕೊಟ್ಟರು. ಹೀಗೆ 1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ಶುರುವಾದಾಗ ಕ್ಯಾಪ್ಟನ್ ಕರ್ಕ್ ಪಕ್ಕದಲ್ಲಿದ್ದವನು ಸ್ಪಾಕ್. ಮೂರು ಸೀಸನ್, 79 ಕಂತು ಮುಗಿಸಿ ಅದು ನಿಂತುಹೋಯ್ತು.

ಆ ಹಳೇ ಧಾರಾವಾಹಿಯಲ್ಲಿ ಒಂದು ವಿಚಿತ್ರ ಇತ್ತು. ಗೊತ್ತಿಲ್ಲದ ಯಾವುದೇ ಗ್ರಹ ಬಂದರೂ ಮೊದಲು ಇಳಿಯೋದು ಕ್ಯಾಪ್ಟನ್ ಕರ್ಕ್! ಜೊತೆಗೆ ಸ್ಪಾಕ್, ಡಾಕ್ಟರ್. ನೂರಾರು ಜನ ಇರೋ ಹಡಗಿನ ಮೂರು ಮುಖ್ಯ ತಲೆಗಳೂ ಒಟ್ಟಿಗೇ ಅಪಾಯಕ್ಕೆ. ಯಾವ ನೌಕಾಪಡೆ ಹೀಗೆ ಮಾಡುತ್ತೆ ಸ್ವಾಮಿ? ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ.

1987ರಲ್ಲಿ ಹೊಸ ತಲೆಮಾರಿನ ಧಾರಾವಾಹಿ ಕಟ್ಟುವಾಗ ಈ ತಪ್ಪನ್ನು ತಿದ್ದಿದರು. ಕ್ಯಾಪ್ಟನ್ ಹಡಗಿನಲ್ಲೇ ಇರಬೇಕು, ಕೆಳಗೆ ಇಳಿಯೋ ತಂಡದ ನಾಯಕ ಫಸ್ಟ್ ಆಫೀಸರ್. ಈ ಒಂದು ನಿಯಮದಿಂದ ಎರಡನೇ ಅಧಿಕಾರಿಗೆ ತನ್ನದೇ ಆದ ಕೆಲಸ ಸಿಕ್ತು. ಕ್ಯಾಪ್ಟನ್ ಜೀನ್-ಲುಕ್ ಪಿಕಾರ್ಡ್ ವಯಸ್ಸಾದ, ಓದಿಕೊಂಡ, ಸ್ವಲ್ಪ ಬಿಗಿ ಮನುಷ್ಯ. ರೈಕರ್ ಎತ್ತರದ, ನಗುಮುಖದ, ಇಸ್ಪೀಟು ಆಡೋ, ಟ್ರಾಂಬೋನ್ ಊದೋ ಯುವಕ. ಹಳೇ ‘ನಂಬರ್ ಒನ್’ ಹೆಸರು ಇಲ್ಲಿ ಮತ್ತೆ ಬಂತು. ಪಿಕಾರ್ಡ್ ರೈಕರ್‌ನನ್ನು ಕರೆಯೋದೇ ಹಾಗೆ.

ಪಾತ್ರದ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. 1970ರ ದಶಕದ ಕೊನೆಯಲ್ಲಿ ‘ಫೇಸ್ 2’ ಅನ್ನೋ ಧಾರಾವಾಹಿ ತೆಗೆಯೋ ಯೋಜನೆ ಇತ್ತು. ಅದು ಆಗದೆ, 1979ರಲ್ಲಿ ಸಿನಿಮಾ ಆಗಿ ಬಂತು. ಅದರಲ್ಲಿ ವಿಲ್ ಡೆಕರ್ ಅನ್ನೋ ಅಧಿಕಾರಿ, ಅವನ ಹಳೇ ಪ್ರೇಯಸಿ ಇಲಿಯಾ. ಇದೇ ಜೋಡಿಯನ್ನು ತಿದ್ದಿ ರೈಕರ್ ಮತ್ತು ಡಿಯಾನಾ ಟ್ರಾಯ್ ಮಾಡಿದರು. ಇಲಿಯಾ ಪಾತ್ರ ಮಾಡಿದ್ದು ಯಾರು ಗೊತ್ತಾ? ಮುಂಬೈನ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ. ಆ ಪಾತ್ರಕ್ಕಾಗಿ ಅವರು ತಲೆ ಬೋಳಿಸಿಕೊಂಡಿದ್ದರು.

ಹಡಗಿನಲ್ಲಿ ಈ ಹುದ್ದೆಗೆ ಏನು ಕೆಲಸ?

ಫಸ್ಟ್ ಆಫೀಸರ್ ಅನ್ನೋದು ಕಟ್ಟುಕಥೆಯ ಹುದ್ದೆಯಲ್ಲ. ನಿಜವಾದ ಯುದ್ಧನೌಕೆಗಳಲ್ಲಿ ಅದಕ್ಕೆ ಎಕ್ಸಿಕ್ಯುಟಿವ್ ಆಫೀಸರ್ ಅಂತಾರೆ, ಬಾಯಿಮಾತಲ್ಲಿ ‘ಎಕ್ಸ್‌ಒ’. ಕಾರವಾರದ ಕದಂಬ ನೌಕಾನೆಲೆಗೆ ಬಂದು ನಿಲ್ಲೋ ನಮ್ಮ ಯುದ್ಧನೌಕೆಗಳಲ್ಲೂ ಕಮಾಂಡಿಂಗ್ ಆಫೀಸರ್ ಕೆಳಗೆ ಈ ಹುದ್ದೆ ಇದೆ. ಹಡಗು ಎಲ್ಲಿಗೆ ಹೋಗಬೇಕು, ಯುದ್ಧ ಮಾಡಬೇಕೋ ಬೇಡವೋ, ಅದು ಕ್ಯಾಪ್ಟನ್ ತಲೆನೋವು. ಯಾರ ಪಾಳಿ ಯಾವಾಗ, ಯಾರಿಗೆ ಬಡ್ತಿ, ಯಾರ ಜಗಳ ಯಾರು ಬಿಡಿಸಬೇಕು, ಶಿಸ್ತು ಇದೆಯೋ ಇಲ್ಲವೋ, ಇವೆಲ್ಲ ಎರಡನೆಯವನ ಕೊರಳಿಗೆ. ಕ್ಯಾಪ್ಟನ್ ಬಿದ್ದರೆ ಅದೇ ಕ್ಷಣ ಇಡೀ ಹಡಗು ಇವನದ್ದು.

ಎಂಟರ್‌ಪ್ರೈಸ್‌ನಲ್ಲಿ ಇದು ಕುರ್ಚಿಗಳಲ್ಲೇ ಕಾಣುತ್ತೆ. ನಡುವೆ ಪಿಕಾರ್ಡ್, ಅವನ ಬಲಕ್ಕೆ ರೈಕರ್, ಎಡಕ್ಕೆ ಸಲಹೆಗಾರ್ತಿ ಟ್ರಾಯ್. ರೈಕರ್ ಕುರ್ಚಿಯಲ್ಲಿ ಕೂರೋ ರೀತಿಯೇ ಬೇರೆ. ಹಿಂದಿನಿಂದ ಒಂದು ಕಾಲನ್ನು ಕುರ್ಚಿಯ ಬೆನ್ನ ಮೇಲಿಂದ ದಾಟಿಸಿ, ಕುದುರೆ ಹತ್ತಿದ ಹಾಗೆ ಕೂರ್ತಾನೆ. ಅಭಿಮಾನಿಗಳು ಅದರ ತುಣುಕುಗಳನ್ನೆಲ್ಲ ಜೋಡಿಸಿ ವಿಡಿಯೊ ಮಾಡಿ ಹಂಚಿದ್ದಾರೆ.

ಮೊದಲ ಕಂತಿನಲ್ಲೇ ಪಿಕಾರ್ಡ್ ಇವನನ್ನು ಪರೀಕ್ಷೆ ಮಾಡ್ತಾನೆ. ಬಂದು ನಿಂತ ಹೊಸ ಅಧಿಕಾರಿಗೆ, ಎರಡು ತುಂಡಾಗಿ ಬಂದ ಹಡಗನ್ನು ಯಂತ್ರದ ಸಹಾಯ ಇಲ್ಲದೆ ಕೈಯಾರೆ ಜೋಡಿಸು ಅಂತಾನೆ. ಆಮೇಲೆ ಒಂದು ಹಳೇ ಕಡತ ತೆಗೀತಾನೆ. ಹಿಂದಿನ ಹಡಗಿನಲ್ಲಿ, ಕ್ಯಾಪ್ಟನ್ ಡಿಸೋಟೊ ಒಂದು ಅಪಾಯದ ಗ್ರಹಕ್ಕೆ ಇಳೀತೀನಿ ಅಂದಾಗ ರೈಕರ್ ಬಿಟ್ಟಿರಲಿಲ್ಲ. ಮೇಲಧಿಕಾರಿಯ ಮಾತು ಮೀರಿದ್ದೀಯಲ್ಲ, ಇದೇನು ಅಂತ ಪಿಕಾರ್ಡ್ ಕೆದಕ್ತಾನೆ. ರೈಕರ್ ಹಿಂಜರಿಯೋದಿಲ್ಲ. ಕ್ಯಾಪ್ಟನ್ ಜೀವ ಹಡಗಿಗೆ ಮುಖ್ಯ ಅಂತಾನೆ. ಅದೇ ಮಾತುಕತೆಯಲ್ಲಿ ಪಿಕಾರ್ಡ್ ಸ್ವಲ್ಪ ಮುಜುಗರದಿಂದ ಇನ್ನೊಂದು ಕೆಲಸ ಒಪ್ಪಿಸ್ತಾನೆ: ನನಗೆ ಮಕ್ಕಳ ಜೊತೆ ಹೊಂದಿಕೊಂಡು ಗೊತ್ತಿಲ್ಲ, ಈ ಹಡಗಿನಲ್ಲಿ ಸಂಸಾರಗಳಿವೆ, ನನ್ನ ಮರ್ಯಾದೆ ಹೋಗದ ಹಾಗೆ ನೋಡಿಕೋ. ಬಹುಶಃ ಎರಡನೆಯವನ ಕೆಲಸದ ಅತ್ಯಂತ ಪ್ರಾಮಾಣಿಕ ವಿವರಣೆ ಇದೇ.

ಏಳು ವರ್ಷದ ನಂತರ, 1994ರ ಒಂದು ಕಂತಿನಲ್ಲಿ ಪಿಕಾರ್ಡ್ ಅದೇ ಕಡತದ ಬಗ್ಗೆ ಮತ್ತೆ ಮಾತಾಡ್ತಾನೆ. ಐವತ್ತರಷ್ಟು ಜನರ ದಾಖಲೆ ನೋಡಿದ್ದನಂತೆ. ಎಲ್ಲರದ್ದೂ ಒಂದೇ ಥರ, ಹೊಗಳಿಕೆಯೇ. ಇವನ ಕಡತದಲ್ಲಿ ಮಾತ್ರ ಈ ಒಂದು ಘಟನೆ ಕಣ್ಣಿಗೆ ಬಿತ್ತು, ಆವಾಗಲೇ ಇವನೇ ಬೇಕು ಅಂತ ನಿರ್ಧಾರ ಮಾಡಿದೆ ಅಂತಾನೆ. ನಾವು ಕೆಲಸಕ್ಕೆ ಜನ ತಗೊಳ್ಳುವಾಗ ‘ಹಳೇ ಯಜಮಾನನಿಗೆ ಎದುರು ಮಾತಾಡಿದ್ದ’ ಅಂತ ಕೇಳಿದರೆ ಸಾಕು, ಬಾಗಿಲು ಹಾಕ್ತೀವಿ!

ಆಜ್ಞೆ ಪಾಲಿಸಿದ್ದಕ್ಕೇ ನಾಚಿಕೆ

ಆ 1994ರ ಕಂತಿನ ಹೆಸರು ‘ದಿ ಪೆಗಸಸ್’. ರೈಕರ್‌ನ ಪೂರ್ತಿ ಸ್ವಭಾವಕ್ಕೆ ಬೀಗದಕೈ ಇಲ್ಲಿದೆ. ಅಕಾಡೆಮಿ ಮುಗಿಸಿ ಏಳು ತಿಂಗಳಾದ ಹುಡುಗನಾಗಿದ್ದಾಗ ಅವನು ಪೆಗಸಸ್ ಹಡಗಿನಲ್ಲಿದ್ದ. ಕ್ಯಾಪ್ಟನ್ ಪ್ರೆಸ್‌ಮನ್. ಶತ್ರು ದೇಶದ ಜೊತೆ ಮಾಡಿಕೊಂಡ ಶಾಂತಿ ಒಪ್ಪಂದವನ್ನೇ ಮುರಿಯೋ ಒಂದು ಯಂತ್ರವನ್ನು, ಹಡಗನ್ನು ಕಣ್ಮರೆ ಮಾಡೋ ಯಂತ್ರವನ್ನು, ಗುಟ್ಟಾಗಿ ಪರೀಕ್ಷೆ ಮಾಡ್ತಿದ್ದ. ಸಿಬ್ಬಂದಿ ತಿರುಗಿಬಿದ್ದರು. ಹೊಸ ಹುಡುಗ ರೈಕರ್ ಯೋಚಿಸಲಿಲ್ಲ, ಬಂದೂಕು ಹಿಡಿದು ಕ್ಯಾಪ್ಟನ್ ಪರ ನಿಂತ. ಕ್ಯಾಪ್ಟನ್ ಜೊತೆ ಅವನೂ ಪಾರಾದ, ಹೆಚ್ಚಿನವರು ಸತ್ತರು. ಮೇಲಿನವರು ಪ್ರಕರಣ ಮುಚ್ಚಿಹಾಕಿದರು, ಇವನೂ ಬಾಯಿ ಮುಚ್ಚಿಕೊಂಡ.

ಹನ್ನೆರಡು ವರ್ಷದ ಮೇಲೆ ಅದೇ ಪ್ರೆಸ್‌ಮನ್ ಅಡ್ಮಿರಲ್ ಆಗಿ ಎಂಟರ್‌ಪ್ರೈಸ್‌ಗೆ ಬರ್ತಾನೆ, ಆ ಯಂತ್ರ ಮತ್ತೆ ಬೇಕು ಅಂತಾನೆ. ಪಿಕಾರ್ಡ್‌ಗೆ ನಿಜ ಹೇಳಬಾರದು ಅನ್ನೋ ಆದೇಶ ಬೇರೆ. ಕೊನೆಗೆ ರೈಕರ್ ಎಲ್ಲರೆದುರು ಬಾಯಿಬಿಡ್ತಾನೆ, ತನ್ನನ್ನೂ ಬಂಧಿಸಿ ಅಂತಾನೆ. ಡಿಸೋಟೊಗೆ ಯಾಕೆ ಅಡ್ಡ ನಿಂತಿದ್ದ ಅನ್ನೋದು ಈ ಕಂತು ನೋಡಿದ ಮೇಲೆ ಬೇರೆಯದೇ ರೀತಿ ಕಾಣುತ್ತೆ.

ಇದಕ್ಕಿಂತ ಕಠಿಣವಾದ ಒಂದು ಸಂದರ್ಭ 1989ರ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತಿನಲ್ಲಿದೆ. ಹಡಗಿನ ಯಂತ್ರಮಾನವ ಅಧಿಕಾರಿ ಡೇಟಾ, ರೈಕರ್‌ಗೆ ಆಪ್ತ ಗೆಳೆಯ. ಒಬ್ಬ ವಿಜ್ಞಾನಿ ಅವನನ್ನು ಬಿಚ್ಚಿ ನೋಡಬೇಕು ಅಂತಾನೆ. ಡೇಟಾ ಒಬ್ಬ ವ್ಯಕ್ತಿಯೋ, ಇಲಾಖೆಯ ಸಾಮಾನೋ ಅಂತ ವಿಚಾರಣೆ. ಅಲ್ಲಿ ವಕೀಲರಿಲ್ಲ. ಡೇಟಾ ಪರ ಕ್ಯಾಪ್ಟನ್ ವಾದ ಮಾಡಬೇಕು, ವಿರುದ್ಧ ವಾದ ಮಾಡೋ ಕೆಲಸ ಎರಡನೇ ಅಧಿಕಾರಿಯದ್ದು. ರೈಕರ್ ಆಗಲ್ಲ ಅಂತಾನೆ. ನೀನು ಒಪ್ಪದಿದ್ದರೆ, ಅಥವಾ ಬೇಕಂತಲೇ ಸಡಿಲ ಬಿಟ್ಟರೆ, ಈಗಲೇ ಡೇಟಾ ವಿರುದ್ಧ ತೀರ್ಪು ಕೊಡ್ತೀನಿ ಅಂತಾಳೆ ನ್ಯಾಯಾಧೀಶೆ.

ಹಾಗಾಗಿ ಅವನು ಚೆನ್ನಾಗಿಯೇ ವಾದ ಮಾಡ್ತಾನೆ. ಎಲ್ಲರೆದುರು ಡೇಟಾನ ಕೈ ಕಳಚಿ ತೋರಿಸ್ತಾನೆ. ಬೆನ್ನ ಹಿಂದಿನ ಸ್ವಿಚ್ ಒತ್ತಿ ಆರಿಸಿಬಿಡ್ತಾನೆ. ಡೇಟಾ ಮೇಜಿನ ಮೇಲೆ ಬೊಂಬೆ ಥರ ಬೀಳ್ತಾನೆ. ಕಡೆಗೆ ಗೆಲ್ಲೋದು ಪಿಕಾರ್ಡ್, ಡೇಟಾ ಉಳೀತಾನೆ. ಎಲ್ಲರೂ ಖುಷಿಯಾಗಿ ಹೋಗ್ತಾರೆ, ರೈಕರ್ ಒಬ್ಬನೇ ಬೇರೆ ಕೂತಿರ್ತಾನೆ. ಡೇಟಾ ಅವನನ್ನು ಹುಡುಕಿಕೊಂಡು ಬಂದು, ನೀನು ಒಪ್ಪದೇ ಹೋಗಿದ್ದರೆ ನಾನು ಸೋಲ್ತಿದ್ದೆ, ನನ್ನನ್ನು ಉಳಿಸಲು ನೀನು ನೋವು ತಿಂದೆ ಅಂತಾನೆ. ಸುಮಾರು ಜನರಿಗೆ ಈ ಧಾರಾವಾಹಿಯ ಅತ್ಯುತ್ತಮ ಕಂತು ಇದು. ನಮಗೂ ಹಾಗೇ ಅನಿಸುತ್ತೆ.

ಹಾಗಾದ್ರೆ ಬಡ್ತಿ ಯಾಕೆ ಬೇಡ?

ರೈಕರ್‌ಗೆ ಮೂರು ಸಲ ಸ್ವಂತ ಹಡಗು ಕೊಡ್ತೀವಿ ಅಂದಿದ್ದರು. ಮೂರು ಸಲವೂ ಬೇಡ ಅಂದ.

ಮೊದಲನೆಯದು ಡ್ರೇಕ್. ಅದನ್ನು ಬಿಟ್ಟೇ ಅವನು ಎಂಟರ್‌ಪ್ರೈಸ್‌ಗೆ ಬಂದಿದ್ದು. ಸಣ್ಣ ಹಡಗಿನ ಒಡೆಯನಾಗೋದಕ್ಕಿಂತ ದೊಡ್ಡ ಹಡಗಿನಲ್ಲಿ ಎರಡನೆಯವನಾಗಿ ಕಲಿಯೋದು ಮೇಲು ಅನ್ನೋ ಲೆಕ್ಕ. ಡ್ರೇಕ್ ಅವನ ಸಹಪಾಠಿಗೆ ಹೋಯ್ತು, ಮುಂದೆ ಒಂದು ಗ್ರಹದ ಹತ್ತಿರ ನಾಶವಾಯ್ತು. ಎರಡನೆಯದು ಏರೀಸ್, 1989ರ ಕಂತು. ಆ ಸಲ ಸುದ್ದಿ ತಂದವನು ಅವನ ಅಪ್ಪ. ಅಲಾಸ್ಕಾದಲ್ಲಿ ಬೆಳೆದ ರೈಕರ್‌ಗೆ ಎರಡು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಪ್ಪನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರೂ ಕಣ್ಣಿಗೆ ಕಾಣದ ಹಾಗೆ ಹೆಲ್ಮೆಟ್ ಹಾಕಿ, ಕೋಲು ಹಿಡಿದು ಹೊಡೆದಾಡಿ, ಆಮೇಲೆ ಮಾತಾಡ್ತಾರೆ. (ಕೆಲವು ಅಪ್ಪ-ಮಕ್ಕಳಿಗೆ ಇದೊಂದೇ ದಾರಿ.)

ಮೂರನೆಯದು ಮೆಲ್ಬರ್ನ್. ಆರಂಭದಲ್ಲಿ ಹೇಳಿದ ಕಂತು, ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’. ಇನ್ನೂ ಎಷ್ಟು ದಿನ ಇಲ್ಲೇ ಕೂರ್ತಾನೆ, ಸಿಕ್ಕ ಅವಕಾಶ ಬಿಡ್ತಿದ್ದಾನೆ ಅಂತ ಅಡ್ಮಿರಲ್ಲೇ ಬೇಸರ ಮಾಡಿಕೊಳ್ತಾನೆ. ಇವನ ಕುರ್ಚಿ ಮೇಲೆ ಕಣ್ಣಿಟ್ಟ ಶೆಲ್ಬಿ ಅನ್ನೋ ಚುರುಕು ಅಧಿಕಾರಿ ಬಂದು, ನೀನು ನನ್ನ ದಾರಿಗೆ ಅಡ್ಡ ಅಂತ ಮುಖಕ್ಕೇ ಹೇಳ್ತಾಳೆ. ರೈಕರ್‌ಗೂ ಅನುಮಾನ ಶುರುವಾಗುತ್ತೆ: ನಾನು ಸಂತೋಷವಾಗಿದ್ದೀನೋ, ಇಲ್ಲ ಹೆದರಿಕೊಂಡು ಕೂತಿದ್ದೀನೋ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಕಥೆ ಬರೆದ ಮೈಕೆಲ್ ಪಿಲ್ಲರ್ ಆ ಹೊತ್ತಿಗೆ ತಾವೇ ಈ ಧಾರಾವಾಹಿ ಬಿಡಬೇಕೋ, ಉಳೀಬೇಕೋ ಅನ್ನೋ ಗೊಂದಲದಲ್ಲಿದ್ದರು. ರೈಕರ್ ಬಾಯಲ್ಲಿ ತಮ್ಮ ಗೊಂದಲವನ್ನೇ ಬರೆದೆ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಅವರು ಉಳಿದರು. ರೈಕರ್ ಕೂಡ.

ಕಂತಿನ ಎರಡನೇ ಭಾಗದಲ್ಲಿ ರೈಕರ್‌ಗೆ ಕ್ಯಾಪ್ಟನ್ ಪಟ್ಟ ತಾನಾಗೇ ಬರುತ್ತೆ, ಬೇಡದ ರೀತಿಯಲ್ಲಿ. ಶತ್ರುಗಳಾದ ಬೋರ್ಗ್‌ಗೆ ಪಿಕಾರ್ಡ್ ತಲೆಯಲ್ಲಿದ್ದದ್ದೆಲ್ಲ ಗೊತ್ತು. ಅಂದ್ರೆ ಎಂಟರ್‌ಪ್ರೈಸ್‌ನ ಪ್ರತಿ ಉಪಾಯವೂ ಅವರಿಗೆ ಮೊದಲೇ ಗೊತ್ತು. ವುಲ್ಫ್ 359 ಅನ್ನೋ ಜಾಗದಲ್ಲಿ ಸೇರಿದ್ದ 40 ಹಡಗುಗಳಲ್ಲಿ 39 ನಾಶ. ಸುಟ್ಟು ತೇಲ್ತಿದ್ದ ಹಡಗುಗಳಲ್ಲಿ ಮೆಲ್ಬರ್ನ್ ಕೂಡ ಒಂದು! ಬೇಡ ಅಂದ ಮೂರರಲ್ಲಿ ಎರಡು ಹೀಗೆ ಹೋದವು.

ಹಡಗಿನ ಹಿರಿಯ ಜೀವ ಗೈನನ್ ಬಂದು ಒಂದು ಮಾತು ಹೇಳ್ತಾಳೆ. ಪಿಕಾರ್ಡ್ ಇದ್ದಿದ್ದರೆ ಏನು ಮಾಡ್ತಿದ್ದ ಅಂತ ಯೋಚಿಸೋವರೆಗೂ ನೀನು ಸೋಲ್ತೀಯ, ಅವನನ್ನು ಮನಸ್ಸಿನಿಂದ ಬಿಡು, ಕುರ್ಚಿ ಈಗ ನಿನ್ನದು. ರೈಕರ್ ತನ್ನದೇ ದಾರಿ ಹಿಡೀತಾನೆ. ಪಿಕಾರ್ಡ್‌ಗೆ ಗೊತ್ತಿದ್ದ ಹಳೇ ಯೋಜನೆಯನ್ನೇ, ಹಡಗನ್ನು ಎರಡು ಭಾಗ ಮಾಡೋದನ್ನು, ಬೇಕಂತಲೇ ಕಣ್ಣಿಗೆ ಕಾಣೋ ಹಾಗೆ ಮಾಡ್ತಾನೆ. ಶತ್ರು ಅದರ ಕಡೆ ನೋಡ್ತಿರುವಾಗ ಸಣ್ಣ ವಾಹನದಲ್ಲಿ ಇಬ್ಬರನ್ನು ಕಳಿಸಿ ಕ್ಯಾಪ್ಟನ್‌ನನ್ನೇ ಹೊತ್ತು ತರಿಸ್ತಾನೆ. ತನ್ನ ಎರಡನೇ ಅಧಿಕಾರಿಯಾಗಿ ಅವನು ಆರಿಸಿದ್ದು ಯಾರನ್ನ? ಅದೇ ಶೆಲ್ಬಿಯನ್ನ. ಎದುರು ಮಾತಾಡೋರು ಪಕ್ಕದಲ್ಲಿರಬೇಕು ಅನ್ನೋದನ್ನು ಪಿಕಾರ್ಡ್‌ನಿಂದ ಕಲಿತಿದ್ದ ಅನ್ನಿ.

ರೈಕರ್ ತಪ್ಪಿದ್ದೂ ಇದೆ

ಅಭಿಮಾನಿಗಳು ಇವತ್ತಿಗೂ ಜಗಳ ಆಡೋ ವಿಷಯ ಒಂದಿದೆ. 1992ರ ‘ಚೈನ್ ಆಫ್ ಕಮಾಂಡ್’ನಲ್ಲಿ ಪಿಕಾರ್ಡ್ ಜಾಗಕ್ಕೆ ಜೆಲಿಕೊ ಅನ್ನೋ ಕಟ್ಟುನಿಟ್ಟಿನ ಕ್ಯಾಪ್ಟನ್ ಬರ್ತಾನೆ. ಬಂದವನೇ ಮೂರು ಪಾಳಿಯನ್ನು ನಾಲ್ಕು ಮಾಡಿ ಅಂತಾನೆ. ರೈಕರ್ ವಿಭಾಗದ ಮುಖ್ಯಸ್ಥರನ್ನು ಕೇಳ್ತಾನೆ, ಕಷ್ಟ ಅಂತಾರೆ, ಆದೇಶವನ್ನು ಹಾಗೇ ಇಟ್ಟುಬಿಡ್ತಾನೆ. ಹೊಸ ಕ್ಯಾಪ್ಟನ್ ಕೇಳಿದಾಗ, ಇನ್ನೂ ಮಾಡಿಲ್ಲ ಸರ್! ಮುಂದೆ ಮಾತಿಗೆ ಮಾತು ಬೆಳೆದು ರೈಕರ್‌ನನ್ನು ಕೆಲಸದಿಂದಲೇ ಇಳಿಸ್ತಾರೆ.

ಜೆಲಿಕೊ ಒರಟ ಅನ್ನೋದು ನಿಜ. ಆದರೆ ನಮ್ಮ ಪ್ರಕಾರ ಇಲ್ಲಿ ತಪ್ಪು ರೈಕರ್‌ದೇ. ಡಿಸೋಟೊಗೆ ಎದುರು ನಿಂತಿದ್ದು ಜೀವದ ಪ್ರಶ್ನೆಗೆ, ಅದೂ ಮುಖಕ್ಕೆ ಮುಖ ಕೊಟ್ಟು. ಪಾಳಿ ಬದಲಾವಣೆ ಅಂಥದ್ದಲ್ಲ. ಬಾಗಿಲು ಹಾಕಿಕೊಂಡು ಆಕ್ಷೇಪ ಹೇಳಬಹುದಿತ್ತು, ಆಮೇಲೆ ಮಾಡಬೇಕಿತ್ತು. ಹೇಳದೆ ತಡೆದು ಇಟ್ಟುಕೊಳ್ಳೋದು ಎದುರಿಸೋದಲ್ಲ. ಕೊನೆಗೆ ಅಪಾಯದ ಒಂದು ಹಾರಾಟಕ್ಕೆ ಅವನಷ್ಟು ಚೆನ್ನಾಗಿ ವಾಹನ ನಡೆಸೋರು ಬೇರೆ ಸಿಗದೆ, ಜೆಲಿಕೊ ಅವನ ಕೋಣೆಗೇ ಬರಬೇಕಾಗುತ್ತೆ. ಇಬ್ಬರೂ ಒಬ್ಬರಿಗೊಬ್ಬರು ಇಷ್ಟವಿಲ್ಲ ಅಂತ ಬಿಚ್ಚಿ ಹೇಳಿಕೊಳ್ತಾರೆ. ರೈಕರ್ ಬಾಯಿಬಿಟ್ಟು ಕೇಳಿ ಅಂತಾನೆ, ಜೆಲಿಕೊ ಕೇಳ್ತಾನೆ. ಕೆಲಸ ಆಗುತ್ತೆ.

1993ರ ‘ಸೆಕೆಂಡ್ ಚಾನ್ಸಸ್’ ಕಂತು ಇನ್ನೂ ನೇರವಾಗಿ ಚುಚ್ಚುತ್ತೆ. ಎಂಟು ವರ್ಷದ ಹಿಂದೆ ಒಂದು ಯಂತ್ರದ ಎಡವಟ್ಟಿನಿಂದ ಇವನ ಇನ್ನೊಂದು ಪ್ರತಿ ಹುಟ್ಟಿ, ಒಂದು ಗ್ರಹದ ಮೇಲೆ ಒಂಟಿಯಾಗಿ ಉಳಿದಿರ್ತಾನೆ. ಅವನೂ ಅಸಲಿ ರೈಕರ್‌ನೇ, ಆದರೆ ಬಡ್ತಿ ಇಲ್ಲದ ರೈಕರ್. ವೃತ್ತಿಗಾಗಿ ಟ್ರಾಯ್‌ಳನ್ನು ಬಿಟ್ಟವನು ಒಬ್ಬ, ಎಂಟು ವರ್ಷ ಅವಳನ್ನೇ ನೆನೆದುಕೊಂಡಿದ್ದವನು ಇನ್ನೊಬ್ಬ. ಈ ಕಂತಿನಲ್ಲಿ ಒಂದು ಸಣ್ಣ ಪಾತ್ರದಲ್ಲಿ ನಿಜವಾದ ಗಗನಯಾತ್ರಿ ಮೇ ಜೆಮಿಸನ್ ಬಂದು ಹೋಗ್ತಾರೆ. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಅವರು.

ಪಾತ್ರದ ಹಿಂದಿನ ಮನುಷ್ಯ

ರೈಕರ್ ಆಗಿ ನಟಿಸಿದ ಜೊನಾಥನ್ ಫ್ರೇಕ್ಸ್ 1952ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ಮೊದಲ ಸೀಸನ್ನಿನಲ್ಲಿ ನುಣ್ಣಗೆ ಬೋಳಿಸಿದ ಮುಖ, ಸ್ವಲ್ಪ ಮರದ ಬೊಂಬೆ ಥರ ಅನ್ನಬೇಕು. ಎರಡನೇ ಸೀಸನ್‌ಗೆ ಗಡ್ಡ ಬಿಟ್ಟು ಬಂದರು, ಧಾರಾವಾಹಿಯೂ ಅಲ್ಲಿಂದಲೇ ಮೇಲೆದ್ದಿತು. ಹಾಗಾಗಿ ಇಂಗ್ಲಿಷ್ ವೀಕ್ಷಕರಲ್ಲಿ ಒಂದು ಧಾರಾವಾಹಿ ಸುಧಾರಿಸಿದರೆ ‘ಗಡ್ಡ ಬಂತು’ ಅನ್ನೋ ಮಾತೇ ಹುಟ್ಟಿಕೊಂಡಿದೆ.

ಫ್ರೇಕ್ಸ್ ನಟನೆ ಮಾಡ್ತಲೇ ನಿರ್ದೇಶನ ಕಲಿತರು. 1990ರಲ್ಲಿ ಮೊದಲ ಕಂತು, 1996ರಲ್ಲಿ ‘ಫಸ್ಟ್ ಕಾಂಟ್ಯಾಕ್ಟ್’ ಸಿನಿಮಾ, 1998ರಲ್ಲಿ ‘ಇನ್‌ಸರೆಕ್ಷನ್’. ಪರದೆ ಮೇಲೆ ಎರಡನೇ ಕುರ್ಚಿ, ಪರದೆ ಹಿಂದೆ ಮೊದಲನೆಯದು.

ರೈಕರ್ ಕೊನೆಗೂ ಕ್ಯಾಪ್ಟನ್ ಆಗಿದ್ದು 2002ರ ‘ನೆಮೆಸಿಸ್’ ಸಿನಿಮಾದಲ್ಲಿ. ಟ್ರಾಯ್ ಜೊತೆ ಮದುವೆಯೂ ಆಯ್ತು, ಟೈಟನ್ ಅನ್ನೋ ಹಡಗೂ ಸಿಕ್ತು. 2020ರ ‘ಪಿಕಾರ್ಡ್’ ಸರಣಿಯ ಒಂದು ಕಂತಿನಲ್ಲಿ ಹಳೇ ಕ್ಯಾಪ್ಟನ್ ಕಷ್ಟದಲ್ಲಿ ಇವನ ಮನೆ ಬಾಗಿಲಿಗೆ ಬರ್ತಾನೆ. ಮಗನನ್ನು ಕಳೆದುಕೊಂಡ ದಂಪತಿ, ಮಗಳ ಜೊತೆ ಕಾಡಿನ ನಡುವೆ ಇದ್ದಾರೆ. ರೈಕರ್ ಒಲೆ ಹೊತ್ತಿಸಿ ಪಿಟ್ಸಾ ಮಾಡ್ತಾನೆ, ಊಟಕ್ಕೆ ಕೂರಿಸ್ತಾನೆ.

ನೋಡೋ ಮನಸ್ಸಿದ್ದವರಿಗೆ ಒಂದು ಮಾತು: ಒಟ್ಟು 178 ಕಂತುಗಳಿವೆ, ಮೊದಲನೆಯದರಿಂದ ಶುರು ಮಾಡಿದರೆ ಅರ್ಧಕ್ಕೇ ಬಿಡ್ತೀರಿ. ಎರಡನೇ ಸೀಸನ್ನಿನ ‘ದಿ ಮೆಷರ್ ಆಫ್ ಎ ಮ್ಯಾನ್’ ಮೊದಲು ನೋಡಿ, ಅದಕ್ಕೆ ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಆಮೇಲೆ ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ನ ಎರಡೂ ಭಾಗ ಒಟ್ಟಿಗೆ ನೋಡಿ. ಅಂದಿನವರ ಹಾಗೆ ಸೆಪ್ಟೆಂಬರ್‌ವರೆಗೆ ಕಾಯೋ ಪಾಡು ನಿಮಗಿಲ್ಲ.